ಬಗ್ಗಿದ ಬೆರಳಿನ ಪಾಠ

ನರ್ಸಿಂಗ್ ಓದುವ ಮಕ್ಕಳಿಗೆ ಬೆರಳಿನ ವಿರೂಪಗಳನ್ನು ಕಲಿಸಲು ಆನ್‌ಲೈನ್ ವಿಡಿಯೊ ನಿಜಕ್ಕೂ ದೊಡ್ಡ ಉಪಕಾರ. ಸ್ವಾನ್ ನೆಕ್‌ನಲ್ಲಿ ನಡುಗೆಣ್ಣು ಹಿಂದಕ್ಕೆ ಬಾಗಿ ತುದಿಗೆಣ್ಣು ಒಳಕ್ಕೆ ಮಡಚಿರುತ್ತದೆ. ಬುಟಾನಿಯರ್‌ನಲ್ಲಿ ಇದರ ಉಲ್ಟಾ. ಪುಸ್ತಕದ ಚಿತ್ರದಲ್ಲಿ ಎರಡನ್ನೂ ಅದಲುಬದಲು ಮಾಡಿಕೊಳ್ಳುವವರಿಗೆ, ಚಲಿಸುವ ಕೈಯನ್ನು ತಡೆದು ತಡೆದು ತೋರಿಸಿದರೆ ಸಾಕು, ಗೊತ್ತಾಗಿಬಿಡುತ್ತದೆ.

ನಾನು ಹೆಚ್ಚು ಹೊತ್ತು ನಿಲ್ಲುವುದು ಮ್ಯಾಲೆಟ್ ಬೆರಳಿನ ಹತ್ತಿರ. ಹಾಸಿಗೆಯಡಿಗೆ ಬೆಡ್‌ಶೀಟ್ ಸಿಕ್ಕಿಸುವಾಗಲೂ ಬೆರಳತುದಿ ತಟ್ಟನೆ ಮಡಚಿ, ಅದನ್ನು ನೆಟ್ಟಗೆ ಎತ್ತುವ ಟೆಂಡನ್ ಹರಿಯಬಹುದು. ಅಂದರೆ ನರ್ಸ್‌ಗೇ ಆಗಬಹುದಾದ ಪೆಟ್ಟು! ಹೆಚ್ಚಿನವರಿಗೆ ಸ್ಪ್ಲಿಂಟ್ ಸಾಕು. ಆದರೆ ಸುಮಾರು 6ರಿಂದ 8 ವಾರ, ಹಗಲೂ ರಾತ್ರಿ, ತುದಿಗೆಣ್ಣು ನೆಟ್ಟಗೇ ಇರಬೇಕು. ತೊಳೆಯಲು ಬಿಚ್ಚಿದಾಗ ಒಮ್ಮೆ ಬಾಗಿದರೂ ಲೆಕ್ಕ ಮೊದಲಿನಿಂದ ಶುರು. ಅದಕ್ಕೇ ಬೆರಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟುಕೊಂಡೇ ಬಿಚ್ಚಬೇಕು. ಇದನ್ನು ರೋಗಿಗೆ ಬಿಡಿಸಿ ಹೇಳುವ ಕೆಲಸ ಬಹುತೇಕ ನರ್ಸ್ ಪಾಲಿಗೇ ಬರುತ್ತದೆ.

ಆದರೆ ಎಲ್ಲವನ್ನೂ ವಿಡಿಯೊದಿಂದಲೇ ಕಲಿಸಲಾಗದು. ರುಮಟಾಯ್ಡ್ ಸಂಧಿವಾತದಲ್ಲಿ ಊದಿದ ಗೆಣ್ಣು ಬೆಚ್ಚಗಿರುತ್ತದೆ, ಒತ್ತಿದರೆ ನೋಯುತ್ತದೆ. ಇದು ಪರದೆಯಲ್ಲಿ ಸಿಗುವುದಿಲ್ಲ. "ಅಮ್ಮಾ, ಕೈ ಮುಟ್ಟಿ ನೋಡಲಾ? ರವಿಕೆ ಹುಕ್ಕು ಹಾಕ್ಕೊಳ್ಳೋಕಾಗತ್ತಾ? ಮಾತ್ರೆ ಪಟ್ಟಿಯಿಂದ ತೆಗೆಯೋಕಾಗತ್ತಾ?" ಎಂದು ಮಕ್ಕಳು ವಾರ್ಡಿನಲ್ಲೇ ಕೇಳಿ ಕಲಿಯಬೇಕು. ವಿಡಿಯೊ ತೋರಿಸಿದ ವಾರದಲ್ಲೇ ಕರೆದುಕೊಂಡು ಹೋಗಿ. ತಡವಾದರೆ ನೋಡಿದ್ದು ಮರೆತಿರುತ್ತದೆ.

ನಮ್ಮ ಹೆಂಗಸರ ಕೈಗಳನ್ನೇ ತೋರಿಸಿ ಕನ್ನಡದಲ್ಲಿ ವಿವರಿಸುವ ವಿಡಿಯೊಗಳು ಇನ್ನಷ್ಟು ಬೇಕು. ಮಾಡಬಲ್ಲ ಫಿಸಿಯೋಥೆರಪಿಸ್ಟ್ ಗೆಳೆಯರೇ, ದಯವಿಟ್ಟು ಮಾಡಿ.