ಬರಿಯೂದು ಮಿಲ್ನಗಾವಿ, ಅನ್ನೂದು ಮಲ್‌ಗಾಯ್

ಮಗಳ ಬಾಣಂತನ ಮುಗಿಸಿ ಸ್ಕಾಟ್‌ಲ್ಯಾಂಡಿನಿಂದ ಬಂದಾಗಿಂದ ಎಲ್ಲಾರೂ ಕೇಳೂದು ಒಂದ: "ಥಂಡಿ ಹೆಂಗಿತ್ರೀ ವೈನಿ?" ಥಂಡಿ ಬಿಡ್ರಿ, ಸ್ವೆಟರ್ ಹಾಕ್ಕೊಂಡ್ರ ಆತು. ನನಗ ತ್ರಾಸ ಕೊಟ್ಟಿದ್ದು ಆ ಊರಿನ ಹೆಸರು.

ಗ್ಲಾಸ್ಗೋದಿಂದ ಹತ್ತು ಕಿಲೋಮೀಟರ್ ಇರಬಹುದು, ರೈಲಿನ ಕಡೀ ಸ್ಟೇಷನ್. ಇಂಗ್ಲಿಷಿನ್ಯಾಗ ಎಂ ಐ ಎಲ್ ಎನ್ ಜಿ ಎ ವಿ ಐ ಇ ಅಂತ ಬರೀತಾರ. ಮಗಳು ವಿಳಾಸ ಕಳಿಸಿದಾಗ ನಾ ಓದಿದ್ದು 'ಮಿಲ್ನಗಾವಿ'. ನಮ್ಮ ಬೆಳಗಾವಿ ತಂಗಿ ಇರಬೇಕು ಅಂತ ಮನಿಮಂದಿಗೆಲ್ಲಾ ಹೇಳಿ ನಗಿಸಿದ್ದೆ.

ಹೆರಿಗಿಗೆ ಇನ್ನೂ ಎರಡು ವಾರ ಇದ್ದಾಗ ಅಂಟಿನ ಉಂಡಿಗೆ ಬೇಕಾಗೋ ಸಾಮಾನು ತರಲಿಕ್ಕೆ ಅಳಿಯಂದ್ರ ಜೋಡಿ ಗ್ಲಾಸ್ಗೋಕ್ಕ ಹೋಗಿದ್ದೆ. ಅವರು ಆಫೀಸಿಗೆ ಹೋದ್ರು, ನಾನೊಬ್ಬಾಕೀನ ವಾಪಸ್. ಸ್ಟೇಷನ್‌ನ್ಯಾಗ ಒಬ್ಬ ಹುಡುಗನ್ನ ಕೇಳಿದೆ, "ಮಿಲ್ನಗಾವಿ ಟ್ರೇನ್?" ಅವಾ ಕಣ್ಣು ಪಿಳಿಪಿಳಿ ಬಿಟ್ಟಾ. ಮತ್ತ ಅಂದೆ. ಜೋರಾಗಿ ಅಂದೆ. (ಜೋರಾಗಿ ಅಂದ್ರ ತಿಳೀತದ ಅಂತ ನಮಗೆಲ್ಲಾ ಒಂದು ಭ್ರಮಾ.) ಕಡೀಕ ಪರ್ಸಿನ್ಯಾಗಿನ ಚೀಟಿ ತಗದು ತೋರಿಸಿದೆ. "ಓ, ಮಲ್‌ಗಾಯ್!" ಅಂದಾ. ಅಷ್ಟೊತ್ತಿಗೆ ಗಾಡಿ ಹೋಗಿತ್ತು. ಮುಂದಿನ ಗಾಡಿ ಬರೂ ತನಕಾ ಚೀಲಾ ತೊಡಿ ಮ್ಯಾಲೆ ಇಟ್ಕೊಂಡು 'ಮಲ್‌ಗಾಯ್, ಮಲ್‌ಗಾಯ್' ಅಂತ ಜಪಾ ಮಾಡಿದೆ.

ಮಗ್ಗಲ ಮನಿ ಅಜ್ಜಿಗೆ ಮಗಳು ಈ ಕಥಿ ಹೇಳಿದ್ಲು. ಆಕಿ ನಕ್ಕೋತ ಹೆಸರಿನ ಅರ್ಥಾ ಬಿಡಿಸಿದ್ಲು. ಅಲ್ಲಿಯ ಹಳೇ ಗೇಲಿಕ್ ಭಾಷಾದಾಗ 'ಮುಲೆನ್' ಅಂದ್ರ ಗಿರಣಿ. ಹಿಂದಿಂದು ಡೇವಿಡ್ಡೋ ಗಾವಿನ್ನೋ ಯಾರದೋ ಹೆಸರು ಅಂತ ಕೆಲವರು ಅಂತಾರ. ಅಲ್ಲ, ಅದು ಗಾಳಿ, ಗಾಳಿಗಿರಣಿ ಅಂತ ಇನ್ನ ಕೆಲವರು. ಊರ ನಡುವ ಆಲಂಡರ್ ಅಂತ ಸಣ್ಣ ಹೊಳಿ ಹರೀತದ, ಹಿಂದಕ ಅದರ ನೀರಿನ ಮ್ಯಾಲೇ ಗಿರಣಿ ತಿರಗತಿದ್ದುವು. ಅಂದ್ರ ನಮ್ಮ ಹುಬ್ಬಳ್ಳಿ ಗಿರಣಿ ಚಾಳ ಇದ್ದಂಗ ಆತಲ್ಲಾ! ಗೇಲಿಕ್ ಹೆಸರು ಇಂಗ್ಲಿಷ್ ಅಕ್ಷರದಾಗ ಬಂದು ಕೂತಿತು, ಊರವರ ಬಾಯಿ ಮಾತ್ರ ತನ್ನ ಪಾಡಿಗೆ ತಾ ಹೋತು. ಅದಕ್ಕ 'ನ'ನೂ ಇಲ್ಲ, 'ವಿ'ನೂ ಇಲ್ಲ. ಅಲ್ಲೇ ಸ್ಟ್ರಾಥೇವನ್ ಅಂತ ಬರದು ಸ್ಟ್ರೇವನ್ ಅನ್ನೋ ಊರೂ ಅದ, ಕರ್ಕ್‌ಕಾಲ್ಡಿ ಅಂತ ಬರದು ಕರ್ಕಾಡಿ ಅನ್ನೋದೂ ಅದ.

ಕೂಸು ಹುಟ್ಟಿತು, ಹೆಣ್ಣು. ಅಲ್ಲೆ 21 ದಿನದಾಗ ಹೆಸರು ನೋಂದಣಿ ಮಾಡಿಸಬೇಕು. ನನಗ ನಮ್ಮ ಅತ್ತಿಯವರ ಹೆಸರು ಇಡೂ ಆಶಾ. ಅವರು ಹೋಗಿ ವರ್ಷಾಗಿತ್ತಷ್ಟ, ಮಗಳನ್ನ ಬೆಳಿಸಿದವರೂ ಅವರ. (ಹೆಸರು ಇಲ್ಲೆ ಬರೀಬ್ಯಾಡ ಅಂದಾಳ ಮಗಳು. ನಡುವ ಒಂದು 'ಳ' ಅದ, ಅಷ್ಟು ತಿಳ್ಕೋರಿ.) "ಅವ್ವಾ, ಇಲ್ಲಿ ಯಾರಿಗೂ ಅನ್ನಲಿಕ್ಕೆ ಬರೂದಿಲ್ಲ. ಸಾಲ್ಯಾಗ ಕೂಸಿಗೆ ದಿನಾ ತ್ರಾಸ," ಅಂದ್ಲು. ಆಕಿ ಹೇಳೂದು ಸುಳ್ಳಲ್ಲ. ಆಫೀಸಿನ್ಯಾಗ ಆಕಿ ಹೆಸರನ್ನ ಅರ್ಧಾ ಕತ್ತರಿಸಿ ಕರೀತಾರ, ಆಕೀನೂ ಓ ಅಂತಾಳ. ಅದನ್ನ ಫೋನಿನ್ಯಾಗ ಕೇಳಿದಾಗೆಲ್ಲಾ ನನಗ ಹೊಟ್ಟಿಯೊಳಗ ಏನೋ ಆಗ್ತದ.

"ಒಂಬತ್ತು ಅಕ್ಷರ ಬರದು ಅರ್ಧಾ ನುಂಗೋ ಊರಾಗ ಇದ್ದೀ. ಅದನ್ನ ಇಲ್ಲಿ ಸಣ್ಣ ಹುಡುಗೂರೂ ಕಲತಾವ, ಅರವತ್ತು ದಾಟಿದ ನಾನೂ ಕಲತೆ. ನಿಮ್ಮಜ್ಜಿ ಹೆಸರಿನ ಒಂದ 'ಳ' ಕಲ್ಯಾಕ ಇವರಿಗೇನು ಧಾಡಿ?" ಅಂದೆ. ಸ್ವಲ್ಪ ಜೋರಾತು. ಆಕಿ ಕೂಸಿನ್ನ ಎತ್ಕೊಂಡು ಒಳಗ ಹೋದ್ಲು. ಎರಡು ದಿನಾ ಊಟಕ್ಕ ಕರದ್ರ ಬರೇ 'ಹೂಂ'.

ಹದಿನೆಂಟನೇ ದಿನಾ ಹೋಗಿ ಬರಸಿ ಬಂದ್ರು. ಮೊದಲನೇ ಹೆಸರು ಎರಡಕ್ಷರದ್ದು, ಎಲ್ಲಾರ ಬಾಯಾಗೂ ಕೂಡೂವಂಥಾದ್ದು. ಎರಡನೇದು ಅತ್ತಿಯವರದು. ನನಗ ಪೂರಾ ಸಮಾಧಾನ ಆತು ಅಂತ ಹೇಳೂದಿಲ್ಲ. ಆದ್ರ ಮಗ್ಗಲ ಮನಿ ಅಜ್ಜಿ ಎರಡನೇ ಹೆಸರಿಂದನ ಕರೀತಾಳ. 'ಳ' ಬರಬೇಕಾದ್ರ ನಾಲಗಿ ಒಳಗ ಮಡಚಿ, ಕಣ್ಣು ಮುಚ್ಚಿ, ಒದ್ದಾಡಿ ಅಂತಾಳ. ಕೂಸು ಆಕಿ ಬಾಯೀನ ನೋಡಿಕೋತ ನಗತದ.

ಹೋದ ವಾರ ಧಾರವಾಡದ ಪೋಸ್ಟಿಗೆ ಅಂಟಿನ ಉಂಡಿ ಪಾರ್ಸೆಲ್ ಒಯ್ದಿದ್ದೆ. ಕೌಂಟರಿನಾಂವ ವಿಳಾಸ ಓದಿ ಕೇಳಿದಾ, "ಮಿಲ್ನಗಾವಿ... ಬೆಳಗಾವಿ ಕಡೆ ಏನ್ರೀ ಅಮ್ಮಾ?"

"ಹೂಂ, ಸ್ವಲ್ಪ ಮುಂದ," ಅಂದೆ.