ಹೊಂಟಾನಂತ!

ನಮ್ಮ ಕಡೆ ಮಾತಿನ ಕೊನೆಗೆ ಒಂದು ‘ಅಂತ’ ಹಚ್ಚಿಬಿಟ್ಟರೆ ಹೇಳಿದವನ ಜವಾಬ್ದಾರಿ ಅಲ್ಲಿಗೇ ಮುಗೀತು. ಬಂದಾನಂತ, ಬಿಟ್ಟಾಳಂತ, ಹೊಂಟಾನಂತ. ಯಾರು ಅಂದರು, ಯಾವಾಗ ಅಂದರು ಎಂದು ಯಾರೂ ಕೇಳೋದಿಲ್ಲ. 2025ರ ಗಣಪತಿ ಹಬ್ಬದ ರಾತ್ರಿ ಒಬ್ಬ ಕೇಳಿದ. ಕೇಳಿದ್ದು ನನ್ನನ್ನೇ.

ಆ ವರ್ಷ ಚೌತಿ ಆಗಸ್ಟ್ 27ಕ್ಕೆ ಬಂದಿತ್ತು. ನಾನು ಹಿಂದಿನ ದಿನವೇ ಲ್ಯಾಪ್‌ಟಾಪ್ ಸಮೇತ ಉಗಾರ ಖುರ್ದಕ್ಕೆ ಬಂದು ಮುಟ್ಟಿದ್ದೆ. ರಜೆಯೂ ಅಲ್ಲ, ಕೆಲಸವೂ ಅಲ್ಲ, ಆ ಥರದ್ದು. ರೈಲಿನಲ್ಲಿ ರಾತ್ರಿಯಿಡೀ ನಿದ್ದೆ ಇರಲಿಲ್ಲ. ನೆಟ್‌ವರ್ಕ್ ಸಿಕ್ಕಾಗೆಲ್ಲ ನ್ಯೂಕ್ಯಾಸಲ್ ಮತ್ತು ಲಿವರ್‌ಪೂಲ್ ಮ್ಯಾಚು, ಸಿಗದಾಗ ಕಿಟಕಿಯ ಕತ್ತಲೆ. ರಿಯೋ ಎನ್ಗುಮೋಹಾ ಎಂಬ 16 ವರ್ಷದ ಹುಡುಗ 100ನೇ ನಿಮಿಷದಲ್ಲಿ ಗೋಲು ಹೊಡೆದು ಲಿವರ್‌ಪೂಲನ್ನು 3-2ರಿಂದ ಗೆಲ್ಲಿಸಿದ. ಆ ಗೋಲು ಬಿದ್ದಾಗ ನನ್ನ ಫೋನಿನಲ್ಲಿ ಗೋಲ ಗೋಲ ಸುತ್ತುತ್ತಿತ್ತು ಅಷ್ಟೇ. ಸ್ಕೋರ್ ಗೊತ್ತಾಗಿದ್ದು ಗೆಳೆಯರ ಬೈಗುಳದಿಂದ.

ಚೌತಿಯ ರಾತ್ರಿ ಮಂಟಪದ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ಕೂತೆವು. ನಿಪ್ಪಾಣಿಯಲ್ಲಿ ಬ್ಯಾಂಕಿನಲ್ಲಿರುವವನು, ಮಿರಜದ ಮೆಡಿಕಲ್ ರೆಪ್, ನಾನು, ನಮ್ಮ ಕಾಕಾ, ಮತ್ತೆ ಕೀಪರ್. ಕೀಪರ್‌ಗೆ ಬೇರೆ ಹೆಸರಿದೆ, ಆಧಾರ್ ಕಾರ್ಡಿನಲ್ಲಿ. ಊರಿನಲ್ಲಿ ಅವನು ಕೀಪರ್. ಮಾತು ಯಾವುದು ಅಂತ ಹೇಳಬೇಕಿಲ್ಲ, ಆ ತಿಂಗಳು ಇದ್ದದ್ದೇ ಒಂದು ಮಾತು: ಇಸಾಕ್ ಹೋಗ್ತಾನೋ ಇಲ್ಲವೋ?

ನ್ಯೂಕ್ಯಾಸಲ್‌ನ ಅಲೆಕ್ಸಾಂಡರ್ ಇಸಾಕ್ ಲಿವರ್‌ಪೂಲ್‌ಗೆ ಹೋಗಬೇಕೆಂದು ಹಟ ಹಿಡಿದು ಕೂತಿದ್ದ. ತಂಡದ ಜೊತೆ ಆಡೋದಿಲ್ಲ. ‘ಮಾತು ಕೊಟ್ಟಿದ್ದರು, ಮುರಿದರು’ ಅನ್ನುವ ಅರ್ಥದಲ್ಲಿ ಇನ್‌ಸ್ಟಾಗ್ರಾಂನಲ್ಲಿ ಬರೆದ. ಈ ಬೇಸಿಗೆಗೆ ಬಿಟ್ಟುಕೊಡ್ತೇವೆ ಅಂತ ನಮ್ಮವರು ಯಾರೂ ಮಾತು ಕೊಟ್ಟಿಲ್ಲ ಅಂತ ಕ್ಲಬ್ ಉತ್ತರ ಕೊಟ್ಟಿತು. ಇವೆರಡರ ನಡುವೆ ಮ್ಯಾನೇಜರ್ ಎಡ್ಡಿ ಹೌ. ಪ್ರತಿ ಪತ್ರಿಕಾಗೋಷ್ಠಿಯಲ್ಲೂ ತನ್ನ ಕೈಯಲ್ಲಿಲ್ಲದ ವಿಷಯಕ್ಕೆ ಉತ್ತರ ಹೇಳುವ ಕೆಲಸ ಅವನದು. ನಿಮ್ಮ ಆಫೀಸಿನಲ್ಲೂ ಅಂಥವರೊಬ್ಬರು ಇದ್ದೇ ಇರ್ತಾರೆ, ನೋಡಿ.

ಕಾಕಾ ಎಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರು: “ಉಚಲ್ ತಗೊಂಡಾನೇನ ಅಂವ?”

ಕಾಕಾ ಅವರದು ಟ್ರ್ಯಾಕ್ಟರ್ ಇದೆ, ಹಂಗಾಮಿನಲ್ಲಿ ಕಬ್ಬು ಸಾಗಿಸ್ತಾರೆ. ಕಬ್ಬು ಕಡಿಯುವ ಗ್ಯಾಂಗಿಗೆ ಮಳೆಗಾಲದಲ್ಲೇ ಮುಕಾದಮನ ಕೈಯಲ್ಲಿ ಮುಂಗಡ ಕೊಡಬೇಕು. ಅದಕ್ಕೇ ಉಚಲ್ ಅನ್ನೋದು. ಗಂಡ ಹೆಂಡತಿ ಸೇರಿ ಒಂದು ಕೊಯ್ತಾ, ಕೊಯ್ತಾಕ್ಕೆ ಇಷ್ಟು ಅಂತ ಲೆಕ್ಕ. ಹಣ ಎಣಿಸಿಕೊಟ್ಟ ಮೇಲೆ ದೀಪಾವಳಿವರೆಗೂ ಕಾಕಾ ಅವರಿಗೆ ಸರಿಯಾಗಿ ನಿದ್ದೆ ಇಲ್ಲ. ಬರ್ತಾರೋ, ಹೆಚ್ಚು ಕೊಡುವವರ ಕಡೆ ಹೋಗ್ತಾರೋ? ಒಂದು ವರ್ಷ ಒಬ್ಬ ಮುಕಾದಮ ಇವರ ಕಡೆಯೂ ತಗೊಂಡು, ಇನ್ನೊಬ್ಬರ ಕಡೆಯೂ ತಗೊಂಡು, ಗ್ಯಾಂಗನ್ನು ಮೂರನೆಯವರ ಹೊಲಕ್ಕೆ ಇಳಿಸಿದ್ದ. ಏಜೆಂಟು ಅಂದರೆ ಏನು ಅಂತ ಕಾಕಾಗೆ ಯಾರೂ ವಿವರಿಸಬೇಕಾಗಿಲ್ಲ.

ಅಲ್ಲಿಂದ ಮಾತು ಬೆಂಗಳೂರು ಎಫ್‌ಸಿಗೆ ಬಂತು. ಅಂದರೆ ನನ್ನ ಮೇಲೆ ಬಂತು. ಈ ಗುಂಪಿನಲ್ಲಿ ನೀಲಿ ಜರ್ಸಿಯವನು ನಾನೊಬ್ಬನೇ. 2016ರಲ್ಲಿ ಕೆಲಸಕ್ಕೆಂದು ಬೆಂಗಳೂರಿಗೆ ಹೋದ ವರ್ಷವೇ ಕಂಠೀರವದಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್ ನೋಡಿದ್ದೆ. ಮಲೇಷ್ಯಾದ ಜೋಹೊರ್ ತಂಡವನ್ನು 3-1ರಿಂದ ಸೋಲಿಸಿದ ರಾತ್ರಿ ಅದು, ಛೆಟ್ರಿ ಎರಡು ಗೋಲು. ಊರಲ್ಲಿ ಯಾರೂ ಪರಿಚಯವಿಲ್ಲದ ಹುಡುಗನಿಗೆ ಅಂದು ಪಕ್ಕದ ಸೀಟಿನವರು ಅಪ್ಪಿಕೊಂಡಿದ್ದರು. ಆವತ್ತಿನಿಂದ ಬಿಟ್ಟಿಲ್ಲ.

ಆದರೆ ಆ ಆಗಸ್ಟ್ 4ರಂದು ಕ್ಲಬ್ ಒಂದು ಪ್ರಕಟಣೆ ಹೊರಡಿಸಿತ್ತು. ಐಎಸ್‌ಎಲ್ ನಡೆಯುತ್ತೋ ಇಲ್ಲವೋ ಗೊತ್ತಿಲ್ಲ, ಹಾಗಾಗಿ ಮೊದಲ ತಂಡದ ಆಟಗಾರರು ಮತ್ತು ಸಿಬ್ಬಂದಿಯ ಸಂಬಳ ಅನಿರ್ದಿಷ್ಟ ಕಾಲ ನಿಲ್ಲಿಸುತ್ತಿದ್ದೇವೆ ಅಂತ. ಲೀಗ್ ನಡೆಸುವ ಕಂಪನಿ ಮತ್ತು ಫುಟ್‌ಬಾಲ್ ಒಕ್ಕೂಟದ ನಡುವಿನ ಒಪ್ಪಂದ ಡಿಸೆಂಬರ್‌ಗೆ ಮುಗಿಯುವುದಿತ್ತು. ಮುಂದೇನು ಅಂತ ಯಾರ ಹತ್ತಿರವೂ ಉತ್ತರವಿರಲಿಲ್ಲ.

“ನಿಮ್ಮ ಮಾಲಕರು ಪಗಾರ ನಿಲ್ಸ್ಯಾರಲ್ಲೋ,” ಅಂದ ಬ್ಯಾಂಕಿನವ.

“ಮ್ಯಾಚ್ ಇಲ್ಲದ ಎಲ್ಲಿಂದ ಕೊಡ್ಬೇಕು? 2013ರಾಗ ಜೆಎಸ್‌ಡಬ್ಲ್ಯು ರೊಕ್ಕ ಹಾಕಲಿಲ್ಲ ಅಂದ್ರ ಈ ಕ್ಲಬ್ಬ ಇರ್ತಿರಲಿಲ್ಲ,” ಅಂದೆ ನಾನು.

“ಹಂಗಾದ್ರ ಕ್ವಾದ್ರಾತ್‌ನ್ನ ಕಳಿಸಿದ್ದೂ ಬರೋಬ್ಬರಿ ಅಂತೀ?”

ಇದು ನಮ್ಮ ಹಳೇ ಜಗಳ. 2019ರ ಮಾರ್ಚ್ 17ರಂದು ಗೋವಾ ವಿರುದ್ಧದ ಫೈನಲ್‌ನಲ್ಲಿ ರಾಹುಲ್ ಭೇಕೆ 117ನೇ ನಿಮಿಷಕ್ಕೆ ತಲೆ ಕೊಟ್ಟು ಗೋಲು ಹೊಡೆದಾಗ ಬೆಂಗಳೂರಿನ ಕೋಚ್ ಕಾರ್ಲೆಸ್ ಕ್ವಾದ್ರಾತ್. ಅದೇ ಕ್ವಾದ್ರಾತ್ 2021ರ ಜನವರಿಯಲ್ಲಿ ಸತತ ಮೂರು ಸೋಲುಗಳಾದ ಮೇಲೆ ಹೊರಟ. ‘ಪರಸ್ಪರ ಒಪ್ಪಿಗೆಯಿಂದ’ ಅಂತ ಹೇಳಿಕೆ. ಬ್ಯಾಂಕಿನವನ ಪ್ರಕಾರ ಕೋಚ್‌ಗೆ ಸಮಯ ಕೊಡದ ಮಾಲೀಕ ಕ್ಲಬ್ ನಡೆಸಬಾರದು. ನನ್ನ ಪ್ರಕಾರ ಹಣ ಹಾಕಿದವನ ಮಾತೇ ಕೊನೆ. ಚೆಲ್ಸಿಯಲ್ಲಿ ಎರಡು ಲೀಗ್ ಗೆದ್ದ ಮೊರಿನ್ಹೋನೇ 2007ರಲ್ಲಿ ಅಬ್ರಮೋವಿಚ್ ಎದುರು ನಿಲ್ಲಲಿಲ್ಲ, ಉಳಿದವರು ಯಾವ ಲೆಕ್ಕ? ಹೀಗೆ ಅರ್ಧ ಗಂಟೆ. ಆರತಿಗೆ ಕರೆದರೂ ಎದ್ದಿರಲಿಲ್ಲ.

ನಾನು ಗೆಲ್ಲುವ ಹುಮ್ಮಸ್ಸಿನಲ್ಲಿದ್ದೆ. ಬಿಎಫ್‌ಸಿಯ ಒಬ್ಬ ಆಟಗಾರನ ಹೆಸರು ಹೇಳಿ, “ಅಂವ ಹೊಂಟಾನಂತ. ಮಾತುಕತಿ ಮುಗದೈತಿ. ನನಗ ಒಳಗಿನವ್ರು ಹೇಳ್ಯಾರ,” ಅಂದುಬಿಟ್ಟೆ. ಒಳಗಿನವರೂ ಇಲ್ಲ, ಹೊರಗಿನವರೂ ಇಲ್ಲ. ರೈಲಿನಲ್ಲಿ ಯಾವುದೋ ಪೇಜಿನಲ್ಲಿ ಓದಿದ್ದೆ ಅಷ್ಟೇ.

ಅಲ್ಲಿವರೆಗೆ ಬಾಯಿ ತೆಗೆಯದ ಕೀಪರ್ ನನ್ನ ಕಡೆ ತಿರುಗಿದ. “ಅವನ್ನ ಕೇಳಿದಿಯೇನು?”

ಬೇರೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಕೀಪರ್‌ನ ವಿಷಯ ಹೇಳಬೇಕಾದರೆ ಕೊಲ್ಹಾಪುರಕ್ಕೆ ಹೋಗಬೇಕು. ನಮ್ಮೂರಿನ ಫುಟ್‌ಬಾಲ್ ಹುಚ್ಚು ಬೆಂಗಳೂರಿನಿಂದ ಬಂದದ್ದಲ್ಲ, ಗಡಿಯಾಚೆಯದು. ಅಲ್ಲಿ ಓಣಿಗೊಂದು ತಾಲೀಮು. ಪೈಲ್ವಾನರು ಕುಸ್ತಿ ಕಲಿಯುತ್ತಿದ್ದ ಆ ತಾಲೀಮುಗಳ ಹೆಸರಿನಲ್ಲೇ ಫುಟ್‌ಬಾಲ್ ತಂಡಗಳು: ಪಾಟಾಕಡೀಲ್, ಖಂಡೋಬಾ, ದಿಲ್‌ಬಹಾರ್, ಬಾಲಗೋಪಾಲ್. ಶಾಹೂ ಸ್ಟೇಡಿಯಂನಲ್ಲಿ ಎರಡು ತಾಲೀಮುಗಳ ಮ್ಯಾಚ್ ಇದ್ದರೆ ಆ ಎರಡು ಪೇಟೆಗಳಲ್ಲಿ ಬೇರೆ ಮಾತೇ ಇಲ್ಲ. 2017ರ 17 ವರ್ಷದೊಳಗಿನವರ ವಿಶ್ವಕಪ್‌ನಲ್ಲಿ ಭಾರತಕ್ಕೆ ಆಡಿದ ಅನಿಕೇತ್ ಜಾಧವ್ ಆ ಊರಿನವನೇ. ಸೀಸನ್‌ಗೆ ಮೊದಲು ಯಾವ ಆಟಗಾರ ಯಾವ ತಾಲೀಮಿಗೆ ಅನ್ನುವ ಗುಸುಗುಸು ಇದೆಯಲ್ಲ, ಅದರ ಮುಂದೆ ಇಂಗ್ಲೆಂಡಿನ ಟ್ರಾನ್ಸ್‌ಫರ್ ವಿಂಡೋ ಸಪ್ಪೆ.

2014ರಲ್ಲಿ ನಾನು ಅಲ್ಲಿ ಓದುತ್ತಿದ್ದೆ. ಹತ್ತೊಂಬತ್ತರ ಕೀಪರ್ ಅಲ್ಲೊಂದು ತಾಲೀಮಿನ ಗೋಲ್‌ಕೀಪರ್. ಯಾವುದು ಅಂತ ಬೇಡ. ಉಗಾರದಿಂದ ಮಿರಜ, ಮಿರಜದಿಂದ ಕೊಲ್ಹಾಪುರ, ಹೀಗೆ ರೈಲು ಬದಲಿಸಿ ಪ್ರ್ಯಾಕ್ಟಿಸ್‌ಗೆ ಬರುತ್ತಿದ್ದ. ಎರಡು ಹೊತ್ತು ಊಟ, ಒಂದು ಜೊತೆ ಬೂಟು, ಗ್ಲೌಸು, ಗೆದ್ದರೆ ಕೈಗೆ ಏನೋ ಸ್ವಲ್ಪ. ಅಷ್ಟಕ್ಕೇ ಅವನ ಮನೆಯವರು, ಮಗನಿಗೆ ಕೊಲ್ಲಾಪುರದಾಗ ನೌಕರಿ ಸಿಕ್ಕೈತಿ ಅನ್ನುತ್ತಿದ್ದರು.

ನನ್ನ ರೂಮ್‌ಮೇಟ್ ಎದುರಾಳಿ ತಾಲೀಮಿನ ಓಣಿಯವನು. ಒಂದಿನ ಮೂವರೂ ಚಹಾ ಕುಡಿದೆವು. ಅವರಿಬ್ಬರೂ ನಗುತ್ತಿದ್ದ ಫೋಟೋ ತೆಗೆದು ನಾನು ಫೇಸ್‌ಬುಕ್ಕಿಗೆ ಹಾಕಿದೆ. ಆ ದಿನಗಳಲ್ಲಿ ನನಗೆ ಟ್ರಾನ್ಸ್‌ಫರ್ ಸುದ್ದಿ ಓದುವ ಚಟ ಹತ್ತಿತ್ತು, ಅದೇ ಧಾಟಿಯಲ್ಲಿ ಮರಾಠಿಯಲ್ಲಿ ಒಂದು ಸಾಲು: ಮುಂದಿನ ಸೀಸನ್‌ಗೆ ಹೊಸ ಜರ್ಸಿಯೇ? ಪ್ರಶ್ನಾರ್ಥಕ ಚಿಹ್ನೆ ಇತ್ತು, ಅಷ್ಟು ಮರ್ಯಾದೆ ಇತ್ತು. ತಮಾಷೆ ಅಂದುಕೊಂಡೇ ಹಾಕಿದ್ದೆ. ಸಂಜೆಯೊಳಗೆ ಅದು ನಾನು ಕಂಡು ಕೇಳದವರ ಗೋಡೆಗಳ ಮೇಲೆಲ್ಲ ಇತ್ತು, ಪ್ರಶ್ನಾರ್ಥಕ ಚಿಹ್ನೆ ಬಿಟ್ಟು.

ಎರಡು ದಿನ ಬಿಟ್ಟು ಸೆಮಿಫೈನಲ್. ಎದುರಿಗೆ ಅದೇ ತಾಲೀಮು. ತಂಡಕ್ಕೆ ಒಬ್ಬರು ಕೋಚ್ ಇದ್ದರು, ನಿವೃತ್ತ ಮಾಸ್ತರು. ಬೂಟು, ಊಟ, ಪ್ರವಾಸ ಅಂತ ಹಣ ಹಾಕುತ್ತಿದ್ದ ಓಣಿಯ ದೊಡ್ಡ ಮನುಷ್ಯ ಇನ್ನೊಬ್ಬರು. ನಾಳೆ ಅಲ್ಲಿಗೆ ಹೋಗುವವನು ಇವತ್ತು ಅವರ ಗೋಲು ಹೇಗೆ ತಡೀತಾನೆ ಅಂತ ದೊಡ್ಡ ಮನುಷ್ಯರದು. ಹುಡುಗ ನನ್ನವನು, ನನಗೆ ಗೊತ್ತು ಅಂತ ಮಾಸ್ತರದು. ತಂಡದ ಎದುರೇ ಕೂಗಾಡಿದರಂತೆ. ಕೊನೆಗೆ ಮಾಸ್ತರು ಸೋತರು. ಸೀಸನ್ ಮುಗಿಯುತ್ತಲೇ ಅವರೂ ಬಿಟ್ಟರು.

ನಾನು ಸ್ಟೇಡಿಯಂನಲ್ಲಿದ್ದೆ. ಕೀಪರ್ ಬೆಂಚಿನ ಮೇಲೆ, ತೊಡೆಯ ಮೇಲೆ ಗ್ಲೌಸು. ಟೈಬ್ರೇಕರ್‌ಗೆ ಹೋಯಿತು, ಅವನ ತಂಡ ಸೋತಿತು. ಟೈಬ್ರೇಕರ್ ಅವನ ವಿಷಯ. ನಮ್ಮೂರ ಮೈದಾನದಲ್ಲಿ ಅವನೆದುರು ಐದರಲ್ಲಿ ಎರಡು ಹೊಡೆದವನು ದೊಡ್ಡ ಶೂರ. ಆ ರಾತ್ರಿ ನಾನು ಪೋಸ್ಟ್ ಅಳಿಸಿದೆ. ಮುಂದಿನ ಸೀಸನ್‌ಗೆ ಅವನನ್ನು ಆ ತಾಲೀಮೂ ಕರೆಯಲಿಲ್ಲ, ಈ ತಾಲೀಮೂ ಕರೆಯಲಿಲ್ಲ. ಈಗ ಹಂಗಾಮಿನಲ್ಲಿ ನಮ್ಮ ಕಾಕಾ ಅವರ ಟ್ರ್ಯಾಕ್ಟರ್ ಓಡಿಸ್ತಾನೆ. ಬೆಳಿಗ್ಗೆ ಆರಕ್ಕೆ ಮೈದಾನದಲ್ಲಿ ಹುಡುಗರಿಗೆ ಕಲಿಸ್ತಾನೆ, ಪುಕ್ಕಟೆ.

ಹನ್ನೊಂದು ವರ್ಷ ನಾನು ಈ ವಿಷಯ ಯಾರ ಹತ್ತಿರವೂ ಎತ್ತಿರಲಿಲ್ಲ. ಅವನೊಬ್ಬ ಆಡದಿದ್ದುದಕ್ಕೆ ನೂರು ಕಾರಣ ಇರಬಹುದು, ಆ ದೊಡ್ಡ ಮನುಷ್ಯರಿಗೆ ಮೊದಲೇ ಸಿಟ್ಟಿತ್ತೋ ಏನೋ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಅಂಥ ಸಮಾಧಾನಕ್ಕೇನು ಬರ?

ಆ ರಾತ್ರಿ ಮನೆಗೆ ಹೋಗುವ ದಾರಿಯಲ್ಲಿ ನಾವಿಬ್ಬರೇ ಉಳಿದೆವು. ಮೈಕಿನ ಸದ್ದು ಹಿಂದೆ ಬಿದ್ದ ಮೇಲೆ ಹೇಳಿದೆ. “ಅದು ನಾ ಹಾಕಿದ್ದು. ಕೊಲ್ಲಾಪುರದ್ದು. ಆ ಫೋಟೋ.”

“ಗೊತ್ತೈತಿ,” ಅಂದ. “ಆ ಚಹಾದ ಅಂಗಡ್ಯಾಗ ಫೋನ್ ಹಿಡಕೊಂಡಾಂವ ನೀ ಒಬ್ಬನ.”

ನನಗೆ ಇದು ಹೊಳೆದೇ ಇರಲಿಲ್ಲ. ಇಷ್ಟು ವರ್ಷ ನಾನು ಬಚ್ಚಿಟ್ಟಿದ್ದು ಯಾರಿಂದ ಹಾಗಾದರೆ?

“ಮತ್ತ ಒಂದ್ ದಿನಾರ ಕೇಳಬಾರದೇನೋ?”

“ನೀನ ಹೇಳ್ತಿ ಅಂತ ಮಾಡಿದ್ದೆ.” ಸ್ವಲ್ಪ ದೂರ ನಡೆದು ಮತ್ತೆ ಅಂದ, “ಆ ಮನಷ್ಯಾ ನನ್ನ ಕೇಳಲೇ ಇಲ್ಲ ನೋಡು. ಮಾಸ್ತರ್ ಕೇಳಿದ್ರು. ‘ಹೊಂಟೀಯೇನೋ?’ ಅಂದ್ರು. ಇಲ್ರಿ ಸರ್ ಅಂದೆ. ಮುಗೀತು, ನಂಬಿದ್ರು. ಮಾಲಕ ಮಾತ್ರ ಕೇಳಲಿಲ್ಲ.” ಮಾಲಕ ಅಂತಲೇ ಅಂದ, ಆ ದೊಡ್ಡ ಮನುಷ್ಯರಿಗೆ.

ಕ್ಷಮೆ ಕೇಳಿದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ. ಏನೋ ಗೊಣಗಿದೆ. ಬೆಳಿಗ್ಗೆ ಆರಕ್ಕೆ ಮೈದಾನಕ್ಕೆ ಬಾ, ಹುಡುಗರಿಗೆ ಪೆನಾಲ್ಟಿ ಹೊಡೆಯೋರು ಬೇಕು ಅಂದ. ಹೋದೆ. ಹನ್ನೆರಡು ವರ್ಷದ ಒಬ್ಬ ಹುಡುಗಿ ಗೋಲಿನಲ್ಲಿ ನಿಂತಿದ್ದಳು. ನನ್ನ ಐದರಲ್ಲಿ ಮೂರು ತಡೆದಳು, ಒಂದನ್ನು ನಾನೇ ಆಚೆ ಹೊಡೆದೆ. ಕೀಪರ್ ಅವಳಿಗೆ ಮಾತ್ರ ಏನೇನೋ ಹೇಳಿಕೊಡುತ್ತಿದ್ದ, ನನ್ನ ಕಡೆ ನೋಡಲೂ ಇಲ್ಲ.

ಸೆಪ್ಟೆಂಬರ್ 1, ಸೋಮವಾರ. ಟ್ರಾನ್ಸ್‌ಫರ್‌ಗೆ ಕೊನೆಯ ದಿನ. ಬೆಂಗಳೂರಿಗೆ ವಾಪಸಾಗಿದ್ದ ನಾನು ರಾತ್ರಿ ಊಟ ಮಾಡುತ್ತಾ ಫೋನ್ ನೋಡುತ್ತಿದ್ದೆ. ಇಸಾಕ್ ಲಿವರ್‌ಪೂಲ್ ಸೇರಿದ್ದ, 12.5 ಕೋಟಿ ಪೌಂಡಿಗೆ. ಇಂಥ ಸುದ್ದಿ ಗೆಳೆಯರಿಗೆ ಮೊದಲು ಮುಟ್ಟಿಸುವವನು ಯಾವಾಗಲೂ ನಾನೇ. ಟೈಪ್ ಮಾಡಲು ಹೋದರೆ ಅಲ್ಲಿ ಆಗಲೇ ಕೀಪರ್‌ನ ವಾಯ್ಸ್ ಮೆಸೇಜ್ ಕೂತಿತ್ತು, ಐದು ಸೆಕೆಂಡಿನದು. ಹಿಂದೆ ಟ್ರ್ಯಾಕ್ಟರ್ ಸದ್ದು.

“ಹ್ವಾದ್ನೋ. ಹೊಂಟಾನಂತ ಅಲ್ಲ, ಖರೇನ ಹ್ವಾದ.”