ಟೀಬಿ ಅಲ್ಲದ ಟೀಬಿ

2022ರಲ್ಲಿ ನಮ್ಮ ಡೊಂಬಿವಲಿಯ ಅತ್ತಿಗೆಗೆ ಕೆಮ್ಮು ಹಿಡಿಯಿತು. ಕಫ ಪರೀಕ್ಷೆ ಪಾಸಿಟಿವ್. ಟೀಬಿ ಅಂದರು, ಮಾತ್ರೆ ಶುರುವಾಯಿತು. ಮನೆಯಲ್ಲಿ ತಟ್ಟೆ, ಲೋಟ ಬೇರೆಯಾದವು. ಮೊಮ್ಮಗನನ್ನು ಹತ್ತಿರ ಬಿಡಲಿಲ್ಲ. ಐದು ತಿಂಗಳಾದರೂ ಕೆಮ್ಮು ನಿಲ್ಲಲಿಲ್ಲ, ತೂಕ ಇಳಿಯುತ್ತಲೇ ಹೋಯಿತು. "ಮಾತ್ರೆ ಸರಿಯಾಗಿ ನುಂಗ್ತೀರೋ ಇಲ್ವೋ?" ಅಂತ ಅವರಿಗೇ ಬೈಗುಳ ಬೇರೆ!

ಕೊನೆಗೆ ಇನ್ನೊಬ್ಬ ಡಾಕ್ಟರು ಕಫವನ್ನು ಜೀನ್‌ಎಕ್ಸ್‌ಪರ್ಟ್ ಪರೀಕ್ಷೆಗೂ ಕಲ್ಚರ್‌ಗೂ ಕಳಿಸಿದರು. ಟೀಬಿ ಕ್ರಿಮಿ ಸಿಗಲೇ ಇಲ್ಲ. ಕಲ್ಚರ್‌ನಲ್ಲಿ ಬೆಳೆದದ್ದು ಅದರ ದಾಯಾದಿ, ಎನ್‌ಟಿಎಂ.

ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುತ್ತೇನೆ. ಮೈಕ್ರೋಸ್ಕೋಪಿಗೆ ಕಾಣುವುದು ಅಡ್ಡಹೆಸರು ಮಾತ್ರ. "ಕುಲಕರ್ಣಿ" ಅಂತಷ್ಟೇ ನೋಡಿ ಹಣ ಕೊಟ್ಟರೆ ಹೇಗೆ? ಯಾವ ಕುಲಕರ್ಣಿ ಅಂತ ಕೇಳಬೇಡವೇ? ಈ ಕುಟುಂಬದಲ್ಲಿ 190ಕ್ಕೂ ಹೆಚ್ಚು ಜಾತಿಗಳಿವೆ. ಮಣ್ಣಿನಲ್ಲಿ, ನಲ್ಲಿ ನೀರಿನಲ್ಲಿ ಇರುವಂಥವು. ಸಾಮಾನ್ಯವಾಗಿ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಇದನ್ನು ಕೇಳಿದಾಗ ಅತ್ತಿಗೆ ಅತ್ತದ್ದು ಕಾಯಿಲೆಗಲ್ಲ, ಬೇರೆ ಇಟ್ಟ ಆ ಲೋಟಕ್ಕೆ.

ನೀರಿನಲ್ಲೇ ಇರುವ ಕ್ರಿಮಿಯಾದ್ದರಿಂದ ಒಂದು ಸಲ ಕಫದಲ್ಲಿ ಕಂಡರೆ ಸಾಲದು. ಬೇರೆ ಬೇರೆ ದಿನದ ಎರಡು ಕಫದಲ್ಲಿ ಅದೇ ಬೆಳೆಯಬೇಕು, ಇಲ್ಲವೇ ಬ್ರಾಂಕೋಸ್ಕೋಪಿಯಲ್ಲಿ ಸಿಗಬೇಕು. ರೋಗಲಕ್ಷಣ ಇರಬೇಕು, ಸಿಟಿ ಸ್ಕ್ಯಾನ್ ಕೂಡ ಹೊಂದಬೇಕು. ಹಾಗಿದ್ದರೂ ಎಲ್ಲರಿಗೂ ತಕ್ಷಣ ಔಷಧಿ ಬೇಕೆಂದಿಲ್ಲ.

ಅತ್ತಿಗೆಯದು ಏವಿಯಂ ಗುಂಪು. ಅಜಿಥ್ರೋಮೈಸಿನ್, ರಿಫಾಂಪಿಸಿನ್, ಎಥಾಂಬ್ಯುಟಾಲ್, ಹೀಗೆ ಮೂರು ಔಷಧಿ. ಕಲ್ಚರ್ ನೆಗೆಟಿವ್ ಆದ ಮೇಲೂ ಹನ್ನೆರಡು ತಿಂಗಳು! ಸಾಲದ ಕಂತಿನ ಹಾಗೆ, ನಡುವೆ ತಪ್ಪಿಸುವಂತಿಲ್ಲ. ಎಥಾಂಬ್ಯುಟಾಲ್ ಕಣ್ಣಿಗೆ ತೊಂದರೆ ಕೊಡಬಹುದು. ಕೆಂಪು-ಹಸಿರು ಮಸುಕಾದರೆ ಕೂಡಲೇ ಡಾಕ್ಟರಿಗೆ ಹೇಳಬೇಕು. ಅಬ್ಸೆಸಸ್ ಎಂಬ ಇನ್ನೊಂದು ಜಾತಿಯಾಗಿದ್ದರೆ ವಾರಗಟ್ಟಲೆ ಇಂಜೆಕ್ಷನ್ ಬೇಕಾಗುತ್ತಿತ್ತು. ಜಾತಿ ಗೊತ್ತಾಗದೆ ಮದ್ದಿಲ್ಲ ಅನ್ನುವುದು ಇದಕ್ಕೇ.

ಊರಿನಲ್ಲಿ ವಯಸ್ಸಾದ ಅಪ್ಪ-ಅಮ್ಮ ಇರುವವರು ನಮ್ಮಲ್ಲಿ ಬಹಳ ಮಂದಿ. ಹಿಂದೆ ಟೀಬಿ ಬಂದು ಶ್ವಾಸಕೋಶದಲ್ಲಿ ಕಲೆ ಉಳಿದವರಿಗೆ ಇದು ಬರುವ ಸಾಧ್ಯತೆ ಹೆಚ್ಚು. ಟೀಬಿ ಮಾತ್ರೆ ನಾಟದಿದ್ದರೆ ಅದು ಔಷಧಿಗೆ ಬಗ್ಗದ ಟೀಬಿಯೂ ಇರಬಹುದು, ಟೀಬಿಯೇ ಅಲ್ಲದೆಯೂ ಇರಬಹುದು. ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಒಂದೇ ಮಾತು ಕೇಳಿ: "ಕಲ್ಚರ್ ಮಾಡಿಸಿದ್ದೀರಾ ಸಾರ್? ಯಾವ ಜಾತಿ ಬಂತು?"